ನಮ್ಮ ಕಾರಿಲ್ಲದ ಊರು

ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಫ್ಲಾಟಿನಲ್ಲಿ ದೇವರ ಕೋಣೆ ಇರಲಿಲ್ಲ. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕದ ಖಾನೆಯಲ್ಲಿ ದೇವರಿದ್ದರು. ಅಮ್ಮ ಸ್ನಾನ ಮುಗಿಸಿ ಬಂದು ಕಪಾಟಿನ ಬಾಗಿಲು ತೆರೆದು ದೀಪ ಹಚ್ಚಿ, ಮೇಲಿನ ಹಲಗೆಗೆ ಮಸಿ ಹಿಡಿಯುತ್ತದೆಂದು ಸ್ವಲ್ಪ ಹೊತ್ತಿಗೇ ಅದನ್ನು ಶಾಂತ ಮಾಡಿ, ಬಾಗಿಲು ಮುಚ್ಚುತ್ತಿದ್ದಳು. ದೇವರ ಕೋಣೆ ಇಲ್ಲದಿದ್ದರೂ ನಮ್ಮ ಮನೆಗೊಂದು ಅಸೆಂಬ್ಲಿ ಪಾಯಿಂಟ್, ಅಪಾಯ ಬಂದರೆ ಎಲ್ಲರೂ ಬಂದು ಸೇರಬೇಕಾದ ಜಾಗ, ಇತ್ತು. ಅಂಥದ್ದು ಬೇರೆ ಯಾರ ಮನೆಗೂ ಇರುವುದಿಲ್ಲ ಎಂದು ನನಗೆ ಗೊತ್ತಾದದ್ದು ತಡವಾಗಿ. ಕಟ್ಟಡದ ಕೆಳಗೆ, ತಗಡಿನ ನೆರಳಿನಡಿ ನಿಲ್ಲುತ್ತಿದ್ದ ನಮ್ಮ ಬಿಳಿ ಕಾರೇ ಅದು. ಅಪ್ಪ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದರು. ಗಂಟೆ ಹೊಡೆದರೆ ಕೆಲಸಗಾರರೆಲ್ಲ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಅಂಗಳದ ಹಸಿರು ಬೋರ್ಡಿನ ಕೆಳಗೆ ಬಂದು ನಿಲ್ಲಬೇಕು, ಅಪ್ಪ ತಲೆ ಎಣಿಸಬೇಕು. ಅವರ ಕೆಲಸ ಅದು. ನಾನು ಹುಟ್ಟುವ ಮುಂಚೆ ಆ ಕಾರ್ಖಾನೆಯ ಪೇಂಟ್ ಗೋದಾಮಿಗೆ ಬೆಂಕಿ ಬಿದ್ದಿತ್ತಂತೆ. ಎಲ್ಲರೂ ಹೊರಗೆ ಬಂದಿದ್ದರು. ಕೆಲವರು ಗೇಟಿನ ಹತ್ತಿರ ನಿಂತರು, ಕೆಲವರು ಹಿಂದಿನ ಗೋಡೆಯ ಹತ್ತಿರ. ಹಿಂದೆ ನಿಂತವನೊಬ್ಬ ತನ್ನ ಗೆಳೆಯ ಕಾಣಿಸಲಿಲ್ಲವೆಂದು ಅವನನ್ನು ಹುಡುಕಲು ಮತ್ತೆ ಒಳಗೆ ಹೋದ. ಗೆಳೆಯ ಗೇಟಿನ ಹತ್ತಿರ ನಿಂತಿದ್ದ. ಒಳಗೆ ಹೋದವನು ಬರಲಿಲ್ಲ. ಅಪ್ಪ ಇದನ್ನು ನಮಗೆ ಹೇಳಿದ್ದು ಒಂದೇ ಸಲ, ಊಟದ ಕೊನೆಯಲ್ಲಿ, ಮೊಸರನ್ನ ಕಲಸುತ್ತ. ಹೇಳಿ ಮುಗಿಸಿದ ಮೇಲೆ ಆ ಅನ್ನವನ್ನು ಅವರು ತಿನ್ನಲಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಆಗಾಗ, ಮುನ್ಸೂಚನೆಯಿಲ್ಲದೆ, ಶುಕ್ರವಾರದ ರಜೆಯ ಬೆಳಿಗ್ಗೆ ಅಪ್ಪ ಊಟದ ತಟ್ಟೆಗೆ ಸೌಟಿನಿಂದ ಹೊಡೆಯುತ್ತಿದ್ದರು. ಹೊಡೆದ ತಕ್ಷಣ ನಾವು ಮೆಟ್ಟಿಲಿಳಿದು ಕಾರಿನ ಬಳಿ ನಿಲ್ಲಬೇಕು. ಲಿಫ್ಟು ಹತ್ತುವ ಹಾಗಿಲ್ಲ. ಚಪ್ಪಲಿ ಹುಡುಕುವ ಹಾಗಿಲ್ಲ. ನನ್ನ ತಮ್ಮ ಅನಿರುದ್ಧ, ನಾವೆಲ್ಲ ಕರೆಯುತ್ತಿದ್ದುದು ಅನಿ ಎಂದು, ಎಲ್ಲರಿಗಿಂತ ಮೊದಲು ಬರಿಗಾಲಲ್ಲಿ ಓಡುತ್ತಿದ್ದ. ಅಮ್ಮ ಕೊನೆಯವಳು, ಕೈಯಲ್ಲಿ ಅಕ್ಕಿರೊಟ್ಟಿಯ ಹಿಟ್ಟು ಹಾಗೇ ಇರುತ್ತಿತ್ತು.

“ರೀ, ನಿಜವಾಗ್ಲೂ ಬೆಂಕಿ ಬಿದ್ರೆ ಒಲೆ ಆರಿಸೋಳು ನಾನೇ ತಾನೇ? ನನ್ನನ್ನೇ ಹೊರಗಟ್ಟಿದ್ರೆ ಹೇಗೆ?”

ಅಪ್ಪ ಅದಕ್ಕೆ ನಗುತ್ತಿರಲಿಲ್ಲ. ಎಲ್ಲ ಕೋಣೆಗಳನ್ನೂ ನೋಡಿ, ಬಾಗಿಲುಗಳನ್ನು ಮುಚ್ಚಿ, ತಟ್ಟೆ ಹಿಡಿದುಕೊಂಡೇ ಕೊನೆಯಲ್ಲಿ ಇಳಿದು ಬಂದು, ನಮ್ಮನ್ನು ಬೆರಳಿನಿಂದ ಎಣಿಸಿ “ಮೂರು, ಸರಿ” ಅನ್ನುತ್ತಿದ್ದರು. ಎದುರು ಫ್ಲಾಟಿನ ವಸಂತಿ ಆಂಟಿ ಬಾಲ್ಕನಿಯಿಂದ ಬಗ್ಗಿ ನೋಡಿ ನಗುತ್ತಿದ್ದರು. ನಮಗೆ ನಾಚಿಕೆಯಾಗುತ್ತಿತ್ತು. ಆದರೂ ಆ “ಸರಿ” ಕೇಳದೆ ಮೇಲೆ ಹತ್ತಲು ಮನಸ್ಸಾಗುತ್ತಿರಲಿಲ್ಲ.

ಮನೆಯಿಂದ ಹೊರಗೆ ಹೋದಾಗಲೂ ಅದೇ ಕಾರು. ಮಸ್ಕತ್ತಿನ ಮಕ್ಕಳು ನಡೆಯುವುದಿಲ್ಲ. ಸ್ಕೂಲಿಗೆ, ಅಂಗಡಿಗೆ, ಎರಡು ಕಟ್ಟಡ ಆಚೆಯ ಹುಟ್ಟುಹಬ್ಬಕ್ಕೆ, ಎಲ್ಲದಕ್ಕೂ ಕಾರು. ಬಾಗಿಲಿನಿಂದ ಕಾರಿಗೆ, ಕಾರಿನಿಂದ ಬಾಗಿಲಿಗೆ. ನಡುವಿನ ಬಿಸಿಲನ್ನು ದಾಟುವುದಷ್ಟೇ ನಮಗೆ ಗೊತ್ತಿದ್ದ ನಡಿಗೆ. ಜನಸಂದಣಿಯಲ್ಲಿ ತಪ್ಪಿಹೋದರೆ ಏನು ಮಾಡಬೇಕೆಂಬುದನ್ನು ಅಪ್ಪ ನಮ್ಮಿಬ್ಬರಿಗೂ ಬಾಯಿಪಾಠ ಮಾಡಿಸಿದ್ದರು. ಅಳಬಾರದು. ಅಪ್ಪ ಅಮ್ಮನನ್ನು ಹುಡುಕಬಾರದು. ಯಾರು ಕರೆದರೂ ಹೋಗಬಾರದು. ಕಾರಿನ ಹತ್ತಿರ ಬಂದು ಬಾಗಿಲಿನ ಹಿಡಿ ಹಿಡಿದು ನಿಲ್ಲಬೇಕು. ಅಷ್ಟು ನಮ್ಮ ಪಾಲಿನದು. ಉಳಿದದ್ದು ಅಪ್ಪನ ಪಾಲು: “ನಾನು ಬಂದೇ ಬರ್ತೀನಿ.” ಒಮ್ಮೆ ದೊಡ್ಡ ಸೂಪರ್‌ಮಾರ್ಕೆಟ್ಟಿನಲ್ಲಿ ನಾನು ನಿಜವಾಗಿಯೂ ತಪ್ಪಿಸಿಕೊಂಡೆ. ಕಾರಿನ ಬಳಿ ಹೋಗಿ, ಹಿಡಿ ಕೈ ಸುಡುತ್ತಿದ್ದುದರಿಂದ ಫ್ರಾಕಿನ ಅಂಚನ್ನು ಸುತ್ತಿ ಹಿಡಿದು ನಿಂತೆ. ಅಪ್ಪ ಬಂದರು. ಬೈಯಲಿಲ್ಲ, ಮುದ್ದಿಸಲೂ ಇಲ್ಲ. “ಸರಿ” ಅಂದು ಬೀಗ ತೆಗೆದರು. ಜಗತ್ತು ಹೀಗೇ ನಡೆಯುತ್ತದೆ, ನನ್ನ ಪಾಲಿನದನ್ನು ಮಾಡಿದರೆ ಅಪ್ಪನ ಪಾಲಿನದು ತಾನಾಗಿ ಆಗುತ್ತದೆ ಎಂಬ ನಂಬಿಕೆ ನನ್ನಲ್ಲಿ ಊರಿದ್ದು ಆ ದಿನ ಎಂದು ಈಗ ಅನಿಸುತ್ತದೆ.

ನಮ್ಮ ಕಟ್ಟಡದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ರೂಢಿಯಿತ್ತು. ಯಾವುದಾದರೂ ಕುಟುಂಬವನ್ನು ಊರಿಗೆ ಕಳಿಸಬೇಕಾಗಿ ಬಂದರೆ, ಅಂದರೆ ಗಂಡಸು ಇಲ್ಲೇ ಉಳಿದು ಹೆಂಡತಿ ಮಕ್ಕಳು ಖಾಯಂ ಆಗಿ ಹೊರಡಬೇಕಾದರೆ, ಅದಕ್ಕೆ ಮುಂಚೆ ಅವರನ್ನು ಒಂದು ಪ್ರವಾಸ ಕರೆದುಕೊಂಡು ಹೋಗುತ್ತಿದ್ದರು. ಕೆಲವರು ಸಲಾಲ, ಕೆಲವರು ದುಬೈ, ಕೈ ಬಿಗಿಯಿಲ್ಲದವರು ಸಿಂಗಾಪುರ. ಅವರು ತಿರುಗಾಡಿ ಬಂದು ಫೋಟೋ ತೋರಿಸಿದ ಕೆಲವು ದಿನಕ್ಕೆ ಅವರ ಬಾಗಿಲ ಮುಂದೆ ರಟ್ಟಿನ ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತಿದ್ದವು. ಮೇಲಿನ ಮಹಡಿಯ ನನ್ನ ಗೆಳತಿ ಹಾಗೆಯೇ ಹೋಗಿದ್ದಳು. ಅವಳಪ್ಪ ಆಮೇಲೆ, ಒಂಟಿ ಗಂಡಸರನ್ನು ಒಟ್ಟಿಗೆ ಇರಿಸುವ ಕಂಪನಿಯ ಕ್ಯಾಂಪಿಗೆ ಹೋದರು. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವರು ಅನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಳಿಸಲೇ ಇಲ್ಲ. ಅದಕ್ಕೇ, ನನ್ನ ನಾಲ್ಕನೆಯ ಕ್ಲಾಸಿನ ಪರೀಕ್ಷೆ ಮುಗಿಯುವ ಹೊತ್ತಿಗೆ ಅಪ್ಪ ಕಂಪನಿಯ ಟ್ರೈನಿಂಗಿಗೆಂದು ಫ್ರಾನ್ಸಿನ ಲಿಯೋನ್‌ಗೆ ಹೋಗಬೇಕಾಗಿದೆ, ಮಾರ್ಚ್ ರಜೆಯಲ್ಲಿ ನೀವೂ ಒಂದು ವಾರ ಬನ್ನಿ ಎಂದಾಗ ಅನಿ ಕುಣಿದ, ನಾನು ಅಮ್ಮನ ಮುಖ ನೋಡಿದೆ. ಅಮ್ಮ ತಟ್ಟೆಗೆ ಹುಳಿ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೆ ಹಾಕಿದಳು.

“ಅಷ್ಟು ದೂರ ಯಾಕೆ? ಸಲಾಲ ಸಾಕಿತ್ತಲ್ಲ.”

“ರೂಮು ಕಂಪನೀನೇ ಕೊಡತ್ತೆ. ಮಕ್ಕಳು ನೋಡ್ಲಿ. ಮತ್ತೆ ಯಾವಾಗ್ಲೋ.”

“ಮತ್ತೆ ಯಾವಾಗ್ಲೋ ಅಂದ್ರೆ?”

ಅಪ್ಪ ಮಜ್ಜಿಗೆ ಕೇಳಿದರು. ವಸಂತಿ ಆಂಟಿ ಉಡುಪಿಯ ಕಡೆಯವರು, ಬಾಗಿಲು ಬಡಿಯದೆ ಒಳಗೆ ಬರುವಷ್ಟು ಸಲುಗೆಯವರು. ವಿಷಯ ತಿಳಿದು, “ಫ್ರಾನ್ಸಾ? ನಮ್ಮ ಮನೆಯವರಿಗೆ ನನ್ನನ್ನು ಮಂಗಳೂರಿನ ಬೀಚಿಗೆ ಕರ್ಕೊಂಡು ಹೋಗುವಷ್ಟು ಸಹ ತಲೆ ಇಲ್ಲ ಮಾರಾಯ್ತಿ” ಎಂದು ನಕ್ಕರು. ಅಮ್ಮ ಸೂಟ್‌ಕೇಸಿನಲ್ಲಿ ಅನ್ನದ ಕುಕ್ಕರ್ ಇಡುತ್ತಿದ್ದುದನ್ನು ನೋಡಿ ಮತ್ತಷ್ಟು ನಕ್ಕರು. ಆಮೇಲೆ ಅಮ್ಮ ನಗುತ್ತಿಲ್ಲವೆಂಬುದು ಅವರಿಗೆ ಕಂಡಿರಬೇಕು. ದನಿ ತಗ್ಗಿಸಿದರು.

“ಬಾಕ್ಸ್ ಬೇಕಾದ್ರೆ ಹೇಳಿ ಸುಮಕ್ಕ. ಬರುವಷ್ಟರಲ್ಲಿ ತರಿಸಿ ಇಡ್ತೇನೆ. ಬಾಳೆಹಣ್ಣಿನ ಬಾಕ್ಸ್ ಗಟ್ಟಿ ಇರ್ತದೆ.”

ಲಿಯೋನ್‌ನಲ್ಲಿ ನಾನು ಕಂಡದ್ದನ್ನು, ಆಮೇಲೆ ಕೇಳಿ ತಿಳಿದದ್ದನ್ನು ಬೇರೆಬೇರೆಯಾಗಿ ಇಡಲು ಪ್ರಯತ್ನಿಸುತ್ತೇನೆ. ಕಂಡದ್ದು: ಬಿಸಿಲಿದ್ದೂ ಚಳಿಯಿರುವ ಊರು. ಬಿಸಿಲೆಂದರೆ ಓಡಿ ತಪ್ಪಿಸಿಕೊಳ್ಳಬೇಕಾದದ್ದು ಎಂದು ತಿಳಿದಿದ್ದ ನಾವು ಅಲ್ಲಿ ಜನ ಕುರ್ಚಿ ಎಳೆದುಕೊಂಡು ಬಿಸಿಲಿಗೆ ಮುಖವೊಡ್ಡಿ ಕೂತದ್ದನ್ನು ನಿಂತು ನೋಡಿದೆವು. ಕೊನೆಯ ಮಹಡಿಯ ಚಿಕ್ಕ ಕೋಣೆ, ಕಿಟಕಿಯ ಕೆಳಗೆ ಕಬ್ಬಿಣದ ಬಿಸಿನೀರಿನ ಕೊಳವೆ. ಅದರ ಮೇಲೆ ಅಮ್ಮ ನಮ್ಮ ಕಾಲುಚೀಲ ಒಣಗಿಸುತ್ತಿದ್ದಳು. ಬೆಳಿಗ್ಗೆ ಕೆಳಗಿನ ಬೇಕರಿಯಿಂದ ಬರುವ ಉದ್ದನೆಯ ಬ್ರೆಡ್ಡಿಗೆ ಚಟ್ನಿಪುಡಿ, ಸಂಜೆ ಕುಕ್ಕರಿನಲ್ಲಿ ಅನ್ನ, ಅದರ ಮೇಲೆ ಬಿಸಿನೀರಿನಲ್ಲಿ ಕಲಸಿದ ಸಾರಿನ ಪುಡಿ. ಊರ ನಡುವೆ ಎರಡು ನದಿಗಳು ಹರಿಯುತ್ತಿದ್ದವು. ಅಲ್ ಗುಬ್ರಾದ ನಮ್ಮ ಬಾಲ್ಕನಿಯಿಂದ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯ ಚಿಮಣಿಗಳು ಕಾಣುತ್ತಿದ್ದುದರಿಂದ, ನೀರೆಂದರೆ ತಯಾರಾಗುವ ವಸ್ತು ಎಂದೇ ಅನಿ ತಿಳಿದಿದ್ದ. ಸೇತುವೆಯ ಮೇಲೆ ನಿಂತು ಬಹಳ ಹೊತ್ತು ಕೆಳಗೆ ನೋಡಿ, “ಇದರ ಫ್ಯಾಕ್ಟರಿ ಎಲ್ಲಿದೆ? ಯಾರೂ ಆಫ್ ಮಾಡಲ್ವಾ?” ಎಂದು ಕೇಳಿದ. ಅಪ್ಪ ನಕ್ಕರು. ಆ ಪ್ರವಾಸದಲ್ಲಿ ಅವರು ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಉಳಿದಂತೆ ನಾವು ನಡೆದೆವು. ಅಷ್ಟು ನಡೆದ ಅಭ್ಯಾಸ ನಮ್ಮಿಬ್ಬರ ಕಾಲಿಗೂ ಇರಲಿಲ್ಲ. ಪ್ರತಿ ತಿರುವಿನಲ್ಲೂ ಅನಿ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದ.

“ಅಪ್ಪ, ಕಾರ್ ಎಲ್ಲಿ ನಿಲ್ಸಿದೀರ?”

“ಇಲ್ಲಿ ನಮ್ಗೆ ಕಾರಿಲ್ಲ ಕಣೋ.”

“ಬಟ್ ವೇರ್ ಈಸ್ ಇಟ್?”

ಕೆ.ಜಿ.ಯ ಹುಡುಗನಿಗೆ ಕಾರು ಇಲ್ಲ ಎಂಬುದು ಅರ್ಥವಾಗುವ ಮಾತಲ್ಲ. ದೂರದಲ್ಲಿದೆ ಎಂಬುದು ಮಾತ್ರ ಅರ್ಥವಾಗುತ್ತದೆ. ಅಪ್ಪ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಂದೆ ನಡೆಯುತ್ತಿದ್ದರು. ಅಲ್ಲಿಂದಲೂ ಅವನು ರಸ್ತೆಯ ಎರಡೂ ಬದಿ ನಿಂತ ವಾಹನಗಳನ್ನು ಒಂದೊಂದಾಗಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದು ಅವನ ಆಟ ಅಂದುಕೊಂಡಿದ್ದೆ.

ಅಪ್ಪನ ಟ್ರೈನಿಂಗ್ ಬೇಗ ಮುಗಿದ ಒಂದು ಮಧ್ಯಾಹ್ನ ಬೆಲ್ಕೂರ್ ಎಂಬ ದೊಡ್ಡ ಚೌಕಕ್ಕೆ ಹೋದೆವು. ನೆಲಕ್ಕೆ ಕಲ್ಲು ಹಾಸಿಲ್ಲ, ಕೆಂಪು ಮಣ್ಣು. ನಡುವೆ ಕುದುರೆಯೇರಿದ ರಾಜನ ಪ್ರತಿಮೆ. ಅಮ್ಮ ಬಗ್ಗಿ ಆ ಮಣ್ಣನ್ನು ಬೆರಳಲ್ಲಿ ಉಜ್ಜಿ, ನಮ್ಮ ಮೈಸೂರಿನ ಗ್ರೌಂಡಿನ ಹಾಗಿದೆ ಅಂದಳು. ಬೆಂಚಿನ ಮೇಲೆ ಕೂತೆವು. ಅನಿ ಪಾರಿವಾಳಗಳ ಹಿಂದೆ ಓಡುತ್ತಿದ್ದ. ಅಮ್ಮ ಕಿತ್ತಳೆ ಸುಲಿಯತೊಡಗಿದಳು. ಅಪ್ಪ ಆ ಮಾತನ್ನು ಎತ್ತಲು ಅಲ್ಲಿಯವರೆಗೆ ಬಂದಿದ್ದರೆಂದು ಕಾಣುತ್ತದೆ, ಅಥವಾ ಅಮ್ಮನೇ ಮೈಸೂರು ಅಂದದ್ದರಿಂದ ಅವರಿಗೆ ಬಾಯಿ ಬಂತೋ ಗೊತ್ತಿಲ್ಲ.

“ಮೇ ತಿಂಗಳಲ್ಲಿ ನೀವು ಹೊರಡ್ಬೇಕಾಗತ್ತೆ ಸುಮಾ. ಕಂಪನಿಯವರು ಫ್ಯಾಮಿಲಿ ಫ್ಲಾಟ್ ಕೊಡೋದು ನಿಲ್ಲಿಸ್ತಿದಾರೆ. ನಾನು ರುಸೈಲ್ ಕ್ಯಾಂಪಲ್ಲಿ ಇರ್ತೀನಿ.”

“ಎಷ್ಟು ವರ್ಷ?”

“ನೋಡೋಣ.”

“ನನ್ನನ್ನ ಒಂದ್ಮಾತು ಕೇಳ್ದೆ ಒಪ್ಕೊಂಡ್ರಾ?”

“ನೀವು ಮೂರು ಜನ ಸೇಫಾಗಿದ್ರೆ ಸಾಕು ನಂಗೆ.”

ಅಮ್ಮ ಕಿತ್ತಳೆ ಸುಲಿಯುತ್ತಲೇ ಇದ್ದಳು. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಸುರುಳಿಯಾಗಿ ಅವಳ ಮಡಿಲಿಗೆ ಬಿತ್ತು. ಅಪ್ಪ ಅಮ್ಮನ ಕೈ ನೋಡುತ್ತಿದ್ದರು, ನಾನು ಅವರಿಬ್ಬರ ಮುಖ ನೋಡುತ್ತಿದ್ದೆ. ಮೇಲಿನ ಮಹಡಿಯ ಗೆಳತಿಯ ಅಪ್ಪ ಅನಿಯನ್ನು ತೊಡೆಯಿಂದ ಇಳಿಸದೆ ಕೂತಿದ್ದುದು ನೆನಪಾಗುತ್ತಿತ್ತು. ಅಮ್ಮ ಕಿತ್ತಳೆ ಬಿಡಿಸಿ, ಮೊದಲ ತೊಳೆಯನ್ನು ಎಂದಿನಂತೆ ಕಿರಿಯವನಿಗೆಂದು, ತಲೆಯೆತ್ತದೆ ಬಲಗಡೆಗೆ ಚಾಚಿದಳು. “ಅನಿ, ತಗೋ.” ಆ ತೊಳೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವಳ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ನಾವು ಮೂವರೂ ಒಟ್ಟಿಗೆ ಆ ಕಡೆ ತಿರುಗಿದೆವು. ಪಾರಿವಾಳಗಳು ನೆಲದಲ್ಲಿ ಕೂತು ಆರಾಮವಾಗಿ ಕಾಳು ಹೆಕ್ಕುತ್ತಿದ್ದವು.

ಅಪ್ಪ ಗಾಬರಿಯಾದಂತೆ ಮೊದಲಿಗೆ ಕಾಣಲಿಲ್ಲ. ಇಂಥದ್ದಕ್ಕೆಂದೇ ತರಬೇತಾದವರು ಅವರು. ಅಮ್ಮನಿಗೆ ಬೆಂಚು ಬಿಟ್ಟು ಕದಲಬೇಡ ಅಂದರು, ನನಗೆ ಅಮ್ಮನ ಕೈ ಬಿಡಬೇಡ ಅಂದರು. ಪ್ರತಿಮೆಯ ಸುತ್ತ ಒಂದು ಸುತ್ತು, ಆಮೇಲೆ ಅದಕ್ಕಿಂತ ದೊಡ್ಡ ಸುತ್ತು, ಆಮೇಲೆ ಮರಗಳ ಸಾಲಿನುದ್ದಕ್ಕೂ. ದೂರದಲ್ಲಿ ಅವರ ನೀಲಿ ಸ್ವೆಟರ್ ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು. ಅಂದಿನ ಅವರ ಮೊಬೈಲು ಒಮಾನಿನ ಗಡಿಯಾಚೆ ಕೆಲಸ ಮಾಡುತ್ತಿರಲಿಲ್ಲ. ಅಮ್ಮ ಕರೆಯಲು ಶುರುಮಾಡಿದಳು. ಮನೆಯ ಹೊರಗೆ ಅಮ್ಮ ದನಿಯೆತ್ತಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಸ್ಕತ್ತಿನ ಅಂಗಡಿಗಳಲ್ಲಿ ಬೆಲೆ ಕೇಳುವುದಕ್ಕೂ ಅಪ್ಪನ ಕಡೆ ನೋಡುವವಳು. ಆ ಚೌಕದ ನಡುವೆ ನಿಂತು ಅವಳು ಅನಿಯ ಹೆಸರನ್ನು ಕೂಗಿದ ರೀತಿಗೆ ಕುರ್ಚಿಗಳಲ್ಲಿ ಕೂತಿದ್ದವರು ಎದ್ದು ನಿಂತರು. ಯಾರೋ ಒಬ್ಬಾಕೆ ಹತ್ತಿರ ಬಂದು ಅಮ್ಮನ ಭುಜ ಹಿಡಿದು ಏನೋ ಕೇಳಿದಳು. ಅಮ್ಮ ಅವಳಿಗೆ ಕನ್ನಡದಲ್ಲೇ ಉತ್ತರಿಸಿದಳು. ಕಿತ್ತಳೆಯ ತೊಳೆ ಇನ್ನೂ ಅವಳ ಕೈಯಲ್ಲಿತ್ತು, ಹಿಚುಕಿಹೋಗಿ ರಸ ಮಣಿಕಟ್ಟಿನವರೆಗೆ ಇಳಿದಿತ್ತು.

ಅಪ್ಪ ಮರಳಿ ಬಂದಾಗ ಜೊತೆಯಲ್ಲಿ ಇಬ್ಬರು ಪೊಲೀಸರಿದ್ದರು. ಅಪ್ಪ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು, ಸ್ವೆಟರಿನ ಬಣ್ಣ, ಬೂಟಿನ ಬಣ್ಣ. ಎತ್ತರ ತೋರಿಸಲು ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದಿದ್ದರು. ಮಾತು ಮುಂದೆ ಹೋದರೂ ಆ ಕೈಯನ್ನು ಅವರು ಇಳಿಸಲಿಲ್ಲ. ಅಂಗೈಯ ಕೆಳಗೆ ಅನಿಯ ತಲೆ ಇರಬೇಕಾದ ಜಾಗ ಖಾಲಿಯಾಗಿತ್ತು. ಆಗ ನನಗೆ ಹೊಳೆದದ್ದು ಬುದ್ಧಿವಂತಿಕೆಯಲ್ಲ. ಯಾರೋ ತಪ್ಪಿಹೋಗಿದ್ದಾರೆ, ಹಾಗಾದರೆ ನಾವೆಲ್ಲ ಎಲ್ಲಿಗಾದರೂ ಹೋಗಿ ನಿಲ್ಲಬೇಕು, ಅದು ಎಲ್ಲಿಯೆಂದು ಯಾರೂ ಹೇಳುತ್ತಿಲ್ಲ ಎಂಬ ಹೆದರಿಕೆ ಅಷ್ಟೆ.

“ಅಪ್ಪ, ಇಲ್ಲಿ ಅಸೆಂಬ್ಲಿ ಪಾಯಿಂಟ್ ಯಾವ್ದು? ನಾನು ಹೋಗಿ ನಿಂತ್ಕೋತೀನಿ.”

ಅಪ್ಪನ ಕೈ ಕೆಳಗಿಳಿಯಿತು. ಅವರು ನನ್ನನ್ನು ನೋಡಿದರು. ಆ ಮುಖವನ್ನು ನಾನು ವರ್ಣಿಸಲಾರೆ. ಅದಾದ ಮೇಲೆ ನಾನು ಅವರಿಗೆ ಪ್ರಶ್ನೆ ಕೇಳುವಾಗಲೆಲ್ಲ ಸ್ವಲ್ಪ ತಡೆಯುತ್ತಿದ್ದೆ ಎಂದಷ್ಟೇ ಹೇಳಬಲ್ಲೆ. ಜೀವಮಾನವೆಲ್ಲ ಕಂಡವರಿಗೆಲ್ಲ ಒಂದು ಜಾಗ ತೋರಿಸಿ ಇಲ್ಲಿ ಬಂದು ನಿಲ್ಲಿ ಅಂದವರು, ಈ ಊರಿಗೆ ಬಂದ ಮೇಲೆ ತಮ್ಮ ಮಕ್ಕಳಿಗೆ ಆ ಜಾಗ ಯಾವುದೆಂದು ಹೇಳಿರಲಿಲ್ಲ. ಮಸ್ಕತ್ತಿನಲ್ಲಿ ಹೇಳುವ ಅಗತ್ಯ ಬಿದ್ದಿರಲಿಲ್ಲ. ಹೋದಲ್ಲೆಲ್ಲ ಕಾರು ಜೊತೆಗೆ ಬರುತ್ತಿತ್ತು.

“ಕಾರು,” ಅಂದರು ಅಪ್ಪ. “ಅವನು ಕಾರು ಹುಡ್ಕೊಂಡು ಹೋಗಿದಾನೆ.”

ಚೌಕದ ಅಂಚಿನಲ್ಲಿ ನೀಲಿ ಹಲಗೆಯ ಮೇಲೆ ಪಾರ್ಕಿಂಗಿನ ಗುರುತಾದ ಬಿಳಿಯ ‘ಪಿ’ ಅಕ್ಷರವಿತ್ತು. ಓದು ಬಾರದ ಅನಿಗೆ ಗೊತ್ತಿದ್ದ ಕೆಲವೇ ಅಕ್ಷರಗಳಲ್ಲಿ ಅದೊಂದು. ಮಸ್ಕತ್ತಿನಲ್ಲಿ ಅಪ್ಪ ಕಾರು ತಿರುಗಿಸುವಾಗ ಅವನೇ ಮೊದಲು ಅದನ್ನು ಕಂಡು ಕೂಗುತ್ತಿದ್ದ. ಹಲಗೆಯ ಪಕ್ಕದಲ್ಲಿ ನೆಲದೊಳಗೆ ಇಳಿಯುವ ಮೆಟ್ಟಿಲುಗಳು. ಅಪ್ಪ ಓಡಿದರು, ಹಿಂದೆ ಅಮ್ಮ ನನ್ನನ್ನು ಎಳೆದುಕೊಂಡು, ಅವಳ ಹಿಂದೆ ಒಬ್ಬ ಪೊಲೀಸ್. ಕೆಳಗೆ ರಬ್ಬರು, ಪೆಟ್ರೋಲಿನ ವಾಸನೆ. ಆ ಊರಿನಲ್ಲಿ ಮಸ್ಕತ್ತಿನ ಹಾಗೆ ಇದ್ದ ಮೊದಲ ವಾಸನೆ ಅದು.

ಅನಿ ಎರಡನೆಯ ಸಾಲಿನಲ್ಲಿ, ಒಂದು ಬಿಳಿ ಕಾರಿನ ಹಿಂಬಾಗಿಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವನಿಂದ ಸ್ವಲ್ಪ ದೂರದಲ್ಲಿ, ಅವನಿಗೆ ಹೆದರಿಕೆಯಾಗದಷ್ಟು ದೂರದಲ್ಲಿ, ಪಾರ್ಕಿಂಗಿನ ಕಾವಲಿನವನು ಕುಕ್ಕರಗಾಲಿನಲ್ಲಿ ಕೂತಿದ್ದ. ಇನ್ನೂ ಆಚೆ ತರಕಾರಿಯ ಚೀಲ ಹಿಡಿದ ಒಬ್ಬ ಮುದುಕಿ ಕಂಬಕ್ಕೆ ಒರಗಿ ನಿಂತಿದ್ದಳು. ಅಪ್ಪ ಹತ್ತಿರ ಹೋದರೂ ಅನಿ ಹಿಡಿ ಬಿಡಲಿಲ್ಲ. ಬೆರಳುಗಳು ಚಳಿಗೆ ಮರಗಟ್ಟಿದ್ದವು. ಅಪ್ಪ ಅವನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅವನು ಅತ್ತಿರಲಿಲ್ಲ. ಅಳಬಾರದೆಂದು ನಿಯಮವಿತ್ತಲ್ಲ. ಅಪ್ಪನ ಮುಖವನ್ನು ನೇರವಾಗಿ ನೋಡಿ ಹೇಳಿದ:

“ನಾನು ಕಾರ್ ಹತ್ರಾನೇ ಇದ್ದೆ. ನೀವೇ ಬರ್ಲಿಲ್ಲ.”

ಅಪ್ಪ ಆ ಎಣ್ಣೆಕಲೆಯ ನೆಲದ ಮೇಲೆ ಕೂತುಬಿಟ್ಟರು. ಅಮ್ಮ ಅನಿಯನ್ನು ಎತ್ತಿಕೊಂಡಳು. ಕಾವಲಿನವನು ಅಲ್ಜೀರಿಯಾದವನು. ಅವನ ಅರಬ್ಬಿಯೂ ಅಪ್ಪ ಕಾರ್ಖಾನೆಯಲ್ಲಿ ಕಲಿತ ಅರಬ್ಬಿಯೂ ಬೇರೆಬೇರೆ, ಆದರೂ ಇಬ್ಬರಿಗೂ ಪರಸ್ಪರ ತಿಳಿಯಿತು. ಫ್ರೆಂಚಿನಲ್ಲಿ ಎಷ್ಟು ಕೇಳಿದರೂ ಹುಡುಗ ಬಾಯಿ ಬಿಡಲಿಲ್ಲವಂತೆ. ಕೊನೆಗೆ ತನ್ನಷ್ಟಕ್ಕೆ ಅರಬ್ಬಿಯಲ್ಲಿ ‘ಯಲ್ಲಾ’, ಸರಿ ಹೊರಡೋಣ, ಅಂದುಕೊಂಡು ಆಫೀಸಿಗೆ ಫೋನು ಮಾಡಲು ಎದ್ದಾಗ, ಹುಡುಗ ತಲೆಯೆತ್ತಿ, ಮಸ್ಕತ್ತಿನ ನಮ್ಮ ಕಟ್ಟಡದ ಕಾವಲುಗಾರನಿಂದ ಕಲಿತ ಅರಬ್ಬಿಯಲ್ಲಿ ‘ಬಾಬಾ ಯೀಜಿ’, ಅಪ್ಪ ಬರ್ತಾರೆ, ಅಂದನಂತೆ. ‘ಹಾಗಾದರೆ ಕಾಯೋಣ’ ಎಂದು ತಾನೂ ಜೊತೆಗೆ ಕೂತೆ ಅಂದ. ಆ ಮುದುಕಿ ಕಾರಿನ ಒಡತಿ. ತನ್ನ ಕಾರನ್ನು ಯಾರ ಮಗುವೋ ಹಿಡಿದು ನಿಂತದ್ದನ್ನು ಕಂಡು, ಏನೆಂದು ಕೇಳಿ ತಿಳಿದು, ಬೀಗ ತೆಗೆಯದೆ ಅವಳೂ ಕಾದಿದ್ದಳು. ನಾವು ಮೇಲೆ ಹತ್ತುವವರೆಗೂ ಅವಳು ಕಾರು ಹೊರಡಿಸಲಿಲ್ಲ.

ಎಷ್ಟೋ ವರ್ಷಗಳಾದ ಮೇಲೆ ಅನಿಯನ್ನು ನಾನು ಕೇಳಿದ್ದೇನೆ, ಅದು ನಮ್ಮ ಕಾರಲ್ಲ ಅಂತ ನಿನಗೆ ಗೊತ್ತಾಗಲಿಲ್ವಾ ಎಂದು. ಗೊತ್ತಿತ್ತು ಅಂದ. “ಆದ್ರೆ ಯಾವ್ದಾದ್ರೂ ಒಂದನ್ನ ಹಿಡ್ಕೋಬೇಕಿತ್ತಲ್ಲ ಅಕ್ಕ.”

ಆ ಸಂಜೆ ಕೋಣೆಯಲ್ಲಿ ಯಾರೂ ದೀಪ ಹಾಕಲಿಲ್ಲ. ಮಸ್ಕತ್ತಿನಲ್ಲಿ ಇಷ್ಟು ಹೊತ್ತಿಗೆ ಕತ್ತಲಾಗಿ ಮಸೀದಿಯ ಕರೆ ಮುಗಿದಿರುತ್ತದೆ. ಇಲ್ಲಿ ಕಿಟಕಿಯಲ್ಲಿ ಬೆಳಕು ಹೋಗಲೊಲ್ಲದೆ ನಿಂತಿತ್ತು. ಅನಿ ತಿಂದು, ಅಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ನಿದ್ದೆಹೋಗಿದ್ದ. ಅಮ್ಮ ಬಲಗೈಯೊಂದರಲ್ಲೇ ಕುಕ್ಕರಿನಿಂದ ಅಪ್ಪನಿಗೆ ಅನ್ನ ಬಡಿಸಿದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದಂತಿತ್ತು.

“ನಾವು ಮೈಸೂರಿಗೆ ಹೋದ್ಮೇಲೆ ಇವನು ಯಾವ ಕಾರು ಹಿಡ್ಕೊಂಡು ನಿಲ್ಬೇಕು? ಹೇಳ್ಬಿಡಿ. ಇವತ್ತೇ ಹೇಳ್ಕೊಡ್ತೀನಿ.”

ಅಪ್ಪ ತಟ್ಟೆಯಲ್ಲಿದ್ದ ಅನ್ನವನ್ನು ಕಲಸಿದರು, ತಿನ್ನಲಿಲ್ಲ. ಮೊಸರನ್ನ ಬಿಟ್ಟೆದ್ದ ಆ ದಿನದ ಕೈ ಅದು. ನನಗೆ ಗುರುತು ಸಿಕ್ಕಿತು.

ನಾವು ಮರಳಿದಾಗ ಬಾಗಿಲ ಮುಂದೆ ಬಾಳೆಹಣ್ಣಿನ ಪೆಟ್ಟಿಗೆಗಳು ಒಂದರ ಮೇಲೊಂದು ನೀಟಾಗಿ ನಿಂತಿದ್ದವು. ವಸಂತಿ ಆಂಟಿ ಮಾತಿಗೆ ತಪ್ಪಿದವರಲ್ಲ. ಅಮ್ಮ ಅವುಗಳ ಪಕ್ಕದಿಂದ, ಸೀರೆ ತಾಗದಂತೆ, ಒಳಗೆ ಹೋದಳು. ಅವು ಕೆಲವು ದಿನ ಅಲ್ಲೇ ಇದ್ದವು. ಅಪ್ಪ ಬೆಳಿಗ್ಗೆ ಅವುಗಳನ್ನು ದಾಟಿ ರುಸೈಲ್‌ಗೆ ಹೋಗುತ್ತಿದ್ದರು, ಸಂಜೆ ದಾಟಿ ಒಳಗೆ ಬರುತ್ತಿದ್ದರು. ಒಂದು ಗುರುವಾರ ಸಂಜೆ ಬೂಟು ಬಿಚ್ಚುವ ಮೊದಲೇ ಅಡುಗೆಮನೆಯಿಂದ ಚಾಕು ತಂದು, ಪೆಟ್ಟಿಗೆಗಳ ಅಂಟುಪಟ್ಟಿ ಸೀಳಿ, ಒಂದೊಂದನ್ನೇ ಚಪ್ಪಟೆ ಮಾಡಿ ಜೋಡಿಸತೊಡಗಿದರು. ಸದ್ದಿಗೆ ವಸಂತಿ ಆಂಟಿ ಬಾಗಿಲು ತೆರೆದರು.

“ಎಂತ ಸಾರ್, ಬಾಕ್ಸ್ ಬೇಡ್ವಾ?”

“ಇಷ್ಟು ದೊಡ್ಡದು ಬೇಡ. ಇಲ್ಲೇ ಅಲ್ ಖುವೈರ್‌ಗಷ್ಟೇ ಹೋಗೋದು, ನಾಲ್ಕೂ ಜನ.”

ಹೈವೇಯ ಹಿಂದೆ, ಹೋಟೆಲೊಂದರ ಮೇಲೆ, ಒಂದೇ ಮಲಗುವ ಕೋಣೆಯ ಫ್ಲಾಟನ್ನು ಅಪ್ಪ ತಮ್ಮ ಸಂಬಳದಿಂದಲೇ ಬಾಡಿಗೆಗೆ ಹಿಡಿದಿದ್ದರು. ಅಲ್ಲಿ ನಾವು ನಾಲ್ವರೂ ಒಂದೇ ಕೋಣೆಯಲ್ಲಿ, ಎರಡು ಮಂಚ ಒತ್ತಿ ಹಾಕಿ ಮಲಗಿದೆವು. ಪರೋಟದ ವಾಸನೆ ಪರದೆಗಳಿಗೆ ಹತ್ತಿತು. ದೇವರು ಮತ್ತೆ ಅಡುಗೆಮನೆಯ ಕಪಾಟನ್ನೇ ಸೇರಿದರು. ಕಾರಿಗೆ ನೆರಳು ಹೋಯಿತು. ಅದು ಕಟ್ಟಡದ ಹಿಂದಿನ ಮರಳಿನ ಬಯಲಿನಲ್ಲಿ ಬಿಸಿಲಿಗೆ ನಿಲ್ಲುತ್ತಿತ್ತು. ಇಷ್ಟೆಲ್ಲ ಬದಲಾದರೂ ಅಪ್ಪ ಅದರ ಬಗ್ಗೆ ಹೇಳಿದ್ದು ಕಡಿಮೆ, ಅಮ್ಮ ಕೇಳಿದ್ದು ಇನ್ನೂ ಕಡಿಮೆ. ಅಮ್ಮ ಮಾತ್ರ ರಾತ್ರಿಯೂಟಕ್ಕೆ ಅಪ್ಪ ಬರುವವರೆಗೆ ಕಾಯುವುದನ್ನು ಆಗ ಶುರುಮಾಡಿದಳು. ಅಲ್ ಗುಬ್ರಾದಲ್ಲಿ ಅವಳು ನಮ್ಮೊಟ್ಟಿಗೆ ಉಂಡುಬಿಡುತ್ತಿದ್ದಳು.

ಹೊಸ ಮನೆಯ ಮೊದಲ ಶುಕ್ರವಾರಗಳಲ್ಲಿ ಒಂದು ಬೆಳಿಗ್ಗೆ ತಟ್ಟೆಯ ಸದ್ದಾಯಿತು. ನಾನೂ ಅಮ್ಮನೂ ಇಳಿದೆವು. ಅಮ್ಮ ಅಂದು ಒಲೆಯ ಬಗ್ಗೆ ಏನೂ ಅನ್ನಲಿಲ್ಲ. ಬಯಲಿನ ಬಿಸಿಲಿನಲ್ಲಿ ಕಾರಿನ ಹಿಡಿ ಕಾದಿತ್ತು. ಅಮ್ಮ ಸೆರಗು ಸುತ್ತಿ ಅದನ್ನು ಹಿಡಿದುಕೊಂಡಳು, ನಾನು ಅವಳ ಕೈಯನ್ನು ಹಿಡಿದುಕೊಂಡೆ. ಯಾವಾಗಲೂ ಮೊದಲಿಗನಾಗಿ ಓಡಿಬರುತ್ತಿದ್ದ ಅನಿ ಅಲ್ಲಿರಲಿಲ್ಲ. ನಾವಿಬ್ಬರೂ ಮೆಟ್ಟಿಲ ಬಾಗಿಲನ್ನೇ ನೋಡುತ್ತ ನಿಂತೆವು. ಅಮ್ಮನ ಬೆರಳುಗಳು ನನ್ನ ಅಂಗೈಯಲ್ಲಿ ಬಿಗಿಯುತ್ತಿದ್ದವು.

ಕೊನೆಗೆ ಇಬ್ಬರೂ ಬಂದರು. ಮೇಲೆ ಏನಾಯಿತೆಂದು ಅಪ್ಪನೇ ಆಮೇಲೆ ಹೇಳಿದರು. ಎಲ್ಲರೂ ಇಳಿದ ಮೇಲೆ ಎಂದಿನಂತೆ ಕೋಣೆ, ಬಚ್ಚಲು ನೋಡಿ ಬಾಗಿಲು ಮುಚ್ಚಲು ತಿರುಗಿದರೆ ಅನಿ ಹಿಂದೆಯೇ ನಿಂತಿದ್ದ. ಹೋಗು ಅಂದರೆ ಹೋಗಲಿಲ್ಲ. ಗದರಿದರೂ ಹೋಗಲಿಲ್ಲ. ನೀವೂ ಈಗಲೇ ಬನ್ನಿ, ಆಮೇಲೆ ಬರ್ತೀನಿ ಅನ್ನಬೇಡಿ, ಎಂದು ಪ್ಯಾಂಟಿನ ಜೇಬು ಹಿಡಿದು ಎಳೆದನಂತೆ. ಹಾಗೆ ಎಳೆದುಕೊಂಡೇ ಅವನು ಬಯಲಿಗೆ ಬಂದ. ಅಪ್ಪನ ಕೈಯಲ್ಲಿ ತಟ್ಟೆಯಿರಲಿಲ್ಲ, ಅದು ಮೇಲೆ ಎಲ್ಲೋ ಉಳಿದಿತ್ತು. ಇಷ್ಟು ವರ್ಷ ನಮ್ಮನ್ನು ಎಣಿಸಿದವರು ಅವರು. ಆ ಎಣಿಕೆಯಲ್ಲಿ ಅವರು ಇರಲಿಲ್ಲವೆಂಬುದು ಅಲ್ಲಿಯವರೆಗೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಪ್ಪ ಅಭ್ಯಾಸಬಲದಿಂದ ಬೆರಳೆತ್ತಿದರು. ಅಷ್ಟರಲ್ಲಿ ಅಮ್ಮ ಕಾರಿನ ಹಿಡಿ ಬಿಟ್ಟು ಮುಂದೆ ಬಂದಳು. ತನ್ನೆದೆ ಮುಟ್ಟಿಕೊಂಡು ಒಂದು ಅಂದಳು. ನನ್ನ ತಲೆ ಮುಟ್ಟಿ ಎರಡು, ಅನಿಯ ತಲೆ ಮುಟ್ಟಿ ಮೂರು. ಆಮೇಲೆ ಅಪ್ಪನ ಅಂಗಿಯ ಗುಂಡಿಯ ಮೇಲೆ ಕೈಯಿಟ್ಟಳು, ತಕ್ಷಣ ತೆಗೆಯಲಿಲ್ಲ.

“ನಾಲ್ಕು,” ಅಂದಳು. “ಸರಿ.”